ಮೀನಿನ ಮೊಟ್ಟೆ ಹೆಕ್ಕಲು ಯಾವುದು ಸರಿ: ಕೈಯೋ, ಉಪ್ಪುನೀರೋ, ಯಂತ್ರವೋ?

ಹ್ಯಾಚರಿಯ, ಅಂದರೆ ಮೀನಿನ ಮೊಟ್ಟೆಯಿಂದ ಮರಿ ಮಾಡಿಸುವ ಕೇಂದ್ರದ, ತಟ್ಟೆಯಲ್ಲಿ ಸತ್ತ ಮೊಟ್ಟೆ ತನ್ನ ಪಾಡಿಗೆ ತಾನು ಕೊಳೆತು ಹೋಗುವುದಿಲ್ಲ. ಸಾಪ್ರೊಲೆಗ್ನಿಯಾ ಎಂಬ ಬೂಸ್ಟು ಮೊದಲು ಅದರ ಮೇಲೆ ನೆಲೆಯೂರುತ್ತದೆ, ಆಮೇಲೆ ಬಿಳಿ ಎಳೆ ಚಾಚಿ ಪಕ್ಕದ ಜೀವಂತ ಮೊಟ್ಟೆಗಳನ್ನೂ ಒಂದೇ ಮುದ್ದೆಯಾಗಿ ಹೆಣೆದುಬಿಡುತ್ತದೆ. ಮುದ್ದೆಯೊಳಗೆ ನೀರಾಡುವುದಿಲ್ಲ, ಆಮ್ಲಜನಕ ತಲುಪುವುದಿಲ್ಲ. ಹಿಂದೆ ಮಲಕೈಟ್ ಗ್ರೀನ್ ಎಂಬ ಬಣ್ಣವನ್ನು ನೀರಿಗೆ ಬೆರೆಸಿ ಬೂಸ್ಟನ್ನು ಅಡಗಿಸುತ್ತಿದ್ದರು. ಅದು ಮೀನಿನ ಮಾಂಸದಲ್ಲಿ ಉಳಿಯುತ್ತದೆ, ತಿನ್ನುವವರಿಗೆ ಹಾನಿ ಮಾಡಬಹುದು ಎಂದು ಅನೇಕ ದೇಶಗಳು ಆಹಾರದ ಮೀನಿಗೆ ಅದರ ಬಳಕೆಯನ್ನು ನಿಷೇಧಿಸಿವೆ. ಫಾರ್ಮಲಿನ್, ಹೈಡ್ರೋಜನ್ ಪೆರಾಕ್ಸೈಡ್, ಬ್ರೊನೊಪಾಲ್ ಎಂಬ ಬೇರೆ ರಾಸಾಯನಿಕಗಳು ಇವೆಯಾದರೂ ಅವುಗಳ ಅನುಮತಿ ದೇಶದಿಂದ ದೇಶಕ್ಕೆ ಬೇರೆ, ಪ್ರಮಾಣ ತಪ್ಪಿದರೆ ಮೊಟ್ಟೆಗೇ ಕುತ್ತು. ಹಾಗಾಗಿ ಸತ್ತ ಮೊಟ್ಟೆಯನ್ನು ಬೇಗ ಹೊರಗೆ ತೆಗೆಯುವ ಹಳೆಯ ಕೆಲಸಕ್ಕೆ ಬೆಲೆ ಹೆಚ್ಚಿದೆ, ಅದನ್ನು ಮಾಡಿಕೊಡುವ ಯಂತ್ರಗಳಿಗೂ ಹೆಚ್ಚಿದೆ.

ಯಂತ್ರ ಮಾರುವವರು ಮೊದಲು ಹೇಳುವುದು ಗಂಟೆಗೆ ಎಷ್ಟು ಮೊಟ್ಟೆ ಎಂಬ ಲೆಕ್ಕವನ್ನು. ನನ್ನ ಪ್ರಕಾರ ಆ ಅಂಕಿಯನ್ನು ಕೊನೆಗೆ ನೋಡಬೇಕು. ಮೊಟ್ಟೆ ತಾನಾಗಿ ತೋರಿಸಿಕೊಂಡದ್ದನ್ನು ಮಾತ್ರ ಯಂತ್ರ ನೋಡಬಲ್ಲದು. ನಿಮ್ಮ ಮೀನಿನ ಮೊಟ್ಟೆ ಏನನ್ನು, ಯಾವಾಗ, ಎಷ್ಟು ದಿನದ ಮಟ್ಟಿಗೆ ತೋರಿಸುತ್ತದೆ ಎಂಬುದು ತಿಳಿದರೆ ಆಯ್ಕೆ ಅರ್ಧ ಮುಗಿದಂತೆಯೇ.

ಯಾರಿಗೆ ಯಂತ್ರವೇ ಬೇಡ

ಕಾಟ್ಲಾ, ರೋಹು, ಮೃಗಾಲ್ ಬೆಳೆಸುವವರು ಇಲ್ಲಿಂದ ಮುಂದೆ ಕುತೂಹಲಕ್ಕಾಗಿ ಓದಬಹುದು, ಖರೀದಿಗಾಗಿ ಬೇಡ. ಈ ಗೆಂಡೆಗಳ ಮೊಟ್ಟೆ ನೀರು ಕುಡಿದು ಹಲವು ಪಟ್ಟು ಉಬ್ಬುತ್ತದೆ. ಅದರ ಹೊರಪೊರೆ ಬಲು ನಾಜೂಕು. 27-28 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು 14ರಿಂದ 18 ಗಂಟೆಯೊಳಗೆ ಮರಿ ಹೊರಬಂದೇಬಿಡುತ್ತದೆ. ಹೆಕ್ಕುವುದಕ್ಕೆ ಪುರುಸೊತ್ತಾದರೂ ಎಲ್ಲಿ? ಇಲ್ಲಿ ಗುಣಮಟ್ಟ ನೋಡುವುದೆಂದರೆ ಕೆಲವು ಗಂಟೆ ಕಳೆದ ಮೇಲೆ ಕೆಲವು ನೂರು ಮೊಟ್ಟೆಗಳನ್ನು ಬಿಳಿ ತಟ್ಟೆಗೆ ಹಾಕಿ, ಎಷ್ಟರಲ್ಲಿ ಭ್ರೂಣ ಬೆಳೆಯುತ್ತಿದೆ, ಎಷ್ಟು ಬೆಳ್ಳಗಾಗಿವೆ ಎಂದು ಎಣಿಸುವುದು. ಒಂದು ಭೂತಗನ್ನಡಿ, ಒಂದು ಎಣಿಕೆ ಗುಂಡಿ ಇದ್ದರೆ ಸಾಕು. ಆ ಶೇಕಡಾವಾರು ಬಂದ ಮೇಲೆ ನಿರ್ಧಾರ ಇಡೀ ತಂಡದ (ಒಮ್ಮೆಗೆ ಬಂದ ಮೊಟ್ಟೆಗಳ ಗುಂಪಿನ) ಮೇಲೆ: ಇಟ್ಟುಕೊಳ್ಳುವುದೋ, ಬಿಡುವುದೋ, ತಾಯಿಮೀನನ್ನು ಬದಲಿಸುವುದೋ.

ಸಾಮಾನ್ಯ ಗೆಂಡೆಯದು ಸ್ವಲ್ಪ ಬೇರೆ ಕತೆ. ಅದರ ಮೊಟ್ಟೆ ಅಂಟಿಕೊಳ್ಳುವ ಜಾತಿಯದು. ಒಂದು ಲೀಟರ್ ನೀರಿಗೆ 3 ಗ್ರಾಂ ಯೂರಿಯಾ, 4 ಗ್ರಾಂ ಉಪ್ಪು ಬೆರೆಸಿದ ದ್ರಾವಣದಲ್ಲಿ ಕಲಕಿ, ಕೊನೆಗೆ ಟ್ಯಾನಿನ್ ನೀರಿನಲ್ಲಿ ಕ್ಷಣಕಾಲ ಅದ್ದಿ ಅಂಟು ಕಳೆಯುವುದು ಹಳೆಯ ವಿಧಾನ. ಆಮೇಲೆ ಅವು ಕೆಳಗಿನಿಂದ ನೀರು ಚಿಮ್ಮುವ ಗಾಜಿನ ಜಾಡಿಗೆ ಹೋಗುತ್ತವೆ. ಸತ್ತವು ಹಗುರಾಗಿ ಮೇಲಿನ ಪದರಕ್ಕೆ ಬಂದು ನಿಲ್ಲುತ್ತವೆ, ರಬ್ಬರ್ ಕೊಳವೆಯಿಂದ ಎಳೆದುಬಿಟ್ಟರೆ ಆಯಿತು. ಜಾಡಿಯೇ ಇಲ್ಲಿ ವಿಂಗಡಣೆಯ ಯಂತ್ರ.

ಕಡಲ ಮೀನುಗಳಲ್ಲಿ ಇದು ತಲೆಕೆಳಗು. ಸೀಬಾಸ್, ಸೀಬ್ರೀಮ್ ಜಾತಿಗಳ ಮೊಟ್ಟೆ ಸುಮಾರು 1 ಮಿಲಿಮೀಟರಿನದು, ಜೀವವಿದ್ದರೆ ತೇಲುತ್ತದೆ, ಸತ್ತರೆ ಮುಳುಗುತ್ತದೆ. ಗಾಳಿಯ ಗುಳ್ಳೆ ಬಿಡುವುದನ್ನು ಹತ್ತು ಹದಿನೈದು ನಿಮಿಷ ನಿಲ್ಲಿಸಿ, ತಳಕ್ಕಿಳಿದದ್ದನ್ನು ಹೊರಗೆ ಹರಿಸಿದರೆ ಕೆಲಸ ಮುಗಿಯಿತು. ಒಂದೇ ಎಚ್ಚರ, ನೀರಿನ ಲವಣಾಂಶ ಇಳಿದಿದ್ದರೆ ಒಳ್ಳೆಯ ಮೊಟ್ಟೆಯೂ ಮುಳುಗುತ್ತದೆ. ಮಳೆ ಬಿದ್ದು ನೀರು ಸಪ್ಪೆಯಾದ ದಿನ ತಳದಲ್ಲಿರುವುದನ್ನೆಲ್ಲ ಸತ್ತದ್ದೆಂದು ಚೆಲ್ಲಿದರೆ ಚೆಲ್ಲಿದ್ದು ಮುಂದಿನ ಬೆಳೆಯನ್ನೇ. ಮೊದಲು ಲವಣಾಂಶದ ಅಳತೆ, ಆಮೇಲೆ ವಿಂಗಡಣೆ.

ಜಿಲೇಬಿ (ತಿಲಾಪಿಯಾ) ಮೀನಿನ ಮೊಟ್ಟೆ ಗುಂಡಗಿರುವುದಿಲ್ಲ, ಅದನ್ನು ಬಾಯೊಳಗೇ ಇಟ್ಟು ಕಾಯುವ ತಾಯಿಯ ಬಾಯಿಂದ ತೆಗೆದಾಗ ಒಂದೊಂದು ಒಂದೊಂದು ವಯಸ್ಸಿನದಾಗಿರುತ್ತದೆ. ಚಾನೆಲ್ ಕ್ಯಾಟ್‌ಫಿಶ್ ಮೊಟ್ಟೆಯಿಡುವುದು ಲೋಳೆಯ ಮುದ್ದೆಯಾಗಿ. ಎರಡಕ್ಕೂ ಒಂದೊಂದೇ ಮೊಟ್ಟೆಯನ್ನು ಸಾಲಾಗಿ ಹಾಯಿಸುವ ಯಂತ್ರ ಹೊಂದುವುದು ಕಷ್ಟ.

ಉಳಿದದ್ದು ಸಾಲ್ಮನ್ ಮತ್ತು ಟ್ರೌಟ್. ಮಾರುಕಟ್ಟೆಯ ವಿಂಗಡಣಾ ಯಂತ್ರಗಳ ಬಹುಪಾಲು ಹುಟ್ಟಿದ್ದೇ ಇವಕ್ಕಾಗಿ. ಮೊಟ್ಟೆ ದೊಡ್ಡದು, ಟ್ರೌಟ್‌ನಲ್ಲಿ 4-5 ಮಿಲಿಮೀಟರ್, ಸಾಲ್ಮನ್‌ನಲ್ಲಿ ಇನ್ನೂ ಹೆಚ್ಚು. ಗುಂಡಗಿದೆ, ಅಂಟುವುದಿಲ್ಲ, ಪೊರೆ ಗಟ್ಟಿ. ಎಲ್ಲಕ್ಕಿಂತ ಮುಖ್ಯವಾಗಿ ಸಮಯ ಕೊಡುತ್ತದೆ. ಮಳೆಬಿಲ್ಲು ಟ್ರೌಟ್‌ಗೆ 10 ಡಿಗ್ರಿ ನೀರಿನಲ್ಲಿ ಮರಿಯಾಗಲು ಸುಮಾರು 31 ದಿನ ಬೇಕು. ಅಟ್ಲಾಂಟಿಕ್ ಸಾಲ್ಮನ್‌ಗೆ ಸುಮಾರು 500 ದಿನ-ಡಿಗ್ರಿ (ದಿನಗಳನ್ನು ನೀರಿನ ಡಿಗ್ರಿಯಿಂದ ಗುಣಿಸಿದ ಲೆಕ್ಕ), ಅಂದರೆ 8 ಡಿಗ್ರಿ ನೀರಾದರೆ ಎರಡು ತಿಂಗಳು.

ಬಿಳುಪು ಎಲ್ಲಿಂದ ಬರುತ್ತದೆ

ಮುಂದಿನ ನಾಲ್ಕೂ ದಾರಿಗಳು (ಕೈ, ಉಪ್ಪುನೀರು, ಬೆಳಕಿನ ಯಂತ್ರ, ಕ್ಯಾಮೆರಾ) ನಿಂತಿರುವುದು ಈ ಒಂದು ಸಂಗತಿಯ ಮೇಲೆ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಮೊಟ್ಟೆಯೊಳಗಿನ ಹಳದಿ ಭಾಗದಲ್ಲಿ ಗ್ಲಾಬ್ಯುಲಿನ್ ಜಾತಿಯ ಪ್ರೋಟೀನುಗಳಿವೆ. ಒಳಗಿನ ಲವಣಗಳ ಬಲದಿಂದ ಅವು ಕರಗಿದ ಸ್ಥಿತಿಯಲ್ಲಿರುತ್ತವೆ, ಮೊಟ್ಟೆ ಪಾರದರ್ಶಕವಾಗಿ ಕಾಣುತ್ತದೆ. ಹಳದಿಯನ್ನು ಸುತ್ತಿದ ಪೊರೆ ಹರಿದು ಸಿಹಿನೀರು ಒಳನುಗ್ಗಿದರೆ ಲವಣ ತೆಳುವಾಗಿ ಪ್ರೋಟೀನು ಗರಣೆಗಟ್ಟುತ್ತದೆ. ಮೊಟ್ಟೆ ಬೆಳ್ಳಗಾಗುತ್ತದೆ.

ಅಂದಮೇಲೆ ಬಿಳುಪು ತೋರಿಸುವುದು ಪೊರೆ ಹರಿದದ್ದನ್ನು. ಫಲಿಸದ ಮೊಟ್ಟೆಯ ಪೊರೆ ಹರಿಯದೆ ವಾರಗಟ್ಟಲೆ ಉಳಿಯಬಹುದು, ಅಲ್ಲಿಯವರೆಗೆ ಅದು ಜೀವಂತ ಮೊಟ್ಟೆಯಷ್ಟೇ ಸ್ವಚ್ಛವಾಗಿ ಹೊಳೆಯುತ್ತಿರುತ್ತದೆ. ಕೈ, ಉಪ್ಪು, ಬೆಳಕಿನ ಯಂತ್ರ ಮೂರೂ ಅದನ್ನು ಬಿಟ್ಟುಬಿಡುತ್ತವೆ.

ಅದನ್ನು ಹೊರಗೆಳೆಯುವ ಉಪಾಯವೇ ಶಾಕ್ ಕೊಡುವುದು. ಭ್ರೂಣದ ಕಣ್ಣು ಕಪ್ಪು ಚುಕ್ಕೆಯಾಗಿ ಚೆನ್ನಾಗಿ ಮೂಡಿದ ಮೇಲೆ ಮೊಟ್ಟೆಗಳನ್ನು ಸುಮಾರು ಒಂದು ಅಡಿ ಎತ್ತರದಿಂದ ನೀರಿನ ಬಕೆಟ್ಟಿಗೆ ಸುರಿಯುತ್ತಾರೆ, ಇಲ್ಲವೇ ಕೊಳವೆಯಿಂದ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಇಳಿಸುತ್ತಾರೆ. ಬೆಳೆದ ಭ್ರೂಣಕ್ಕೆ ಈ ಪೆಟ್ಟು ತಗಲುವುದಿಲ್ಲ, ಫಲಿಸದ ಮೊಟ್ಟೆಯ ಪೊರೆ ಹರಿಯುತ್ತದೆ. ಒಂದು ದಿನ ಕಾದರೆ ತಟ್ಟೆಯ ತುಂಬ ಬಿಳಿ. ಇದೇ ಪೆಟ್ಟನ್ನು ಕಣ್ಣು ಮೂಡುವ ಮುನ್ನ ಕೊಟ್ಟರೆ ಜೀವಂತವೂ ಸಾಯುತ್ತವೆ. ಫಲೀಕರಣವಾಗಿ ಒಂದೆರಡು ದಿನ ಕಳೆದ ಮೇಲಿಂದ ಕಣ್ಣು ಮೂಡುವವರೆಗೆ ಸಾಲ್ಮನ್ ಜಾತಿಯ ಮೊಟ್ಟೆಯನ್ನು ಅಲುಗಿಸಲೇಬಾರದು. ಎಂಥ ದುಬಾರಿ ಕ್ಯಾಮೆರಾ ಇದ್ದರೂ ಈ ಅವಧಿಯಲ್ಲಿ ಅದಕ್ಕೆ ಕೆಲಸವಿಲ್ಲ. ಆ ಹೊತ್ತಿಗೆ ಫಲಿಸಿದ ಪ್ರಮಾಣ ತಿಳಿಯಬೇಕಿದ್ದರೆ ಅಂಚಿನಿಂದ ಮೆಲ್ಲಗೆ ಕೆಲವನ್ನು ತೆಗೆದು ಅಸಿಟಿಕ್ ಆಮ್ಲದ ತೆಳು ದ್ರಾವಣದಲ್ಲಿ ಹಾಕಿ ನೋಡಬಹುದು, ಭ್ರೂಣ ಬಿಳಿ ಗೆರೆಯಾಗಿ ಕಾಣುತ್ತದೆ. ಆ ಕೆಲವು ಮೊಟ್ಟೆಗಳ ಆಸೆ ಬಿಡಬೇಕು, ಅಷ್ಟೆ.

ಶಾಕ್ ಸರಿಯಾಗಿ ಕೊಡದ ಹ್ಯಾಚರಿಯಲ್ಲಿ ಯಂತ್ರದ ಮೇಲೆ ಬರುವ ದೂರುಗಳಲ್ಲಿ ಬಹಳಷ್ಟು ಯಂತ್ರದವಲ್ಲ.

ಕೈ

ಚಿಮಟ, ಹೀರುವ ರಬ್ಬರ್ ಗೋಲಿಯಿರುವ ಗಾಜಿನ ನಳಿಕೆ, ಕೆಳಗೊಂದು ಮಂದ ಬೆಳಕು. ಕೈಕೆಲಸ ನಿಧಾನವೆಂದು ಎಲ್ಲರೂ ಹೇಳುತ್ತಾರೆ. ಎಷ್ಟು ನಿಧಾನ ಎಂಬುದನ್ನು ಲೆಕ್ಕ ಹಾಕಿ ನೋಡುವವರು ಕಡಿಮೆ. ಸೆಕೆಂಡಿಗೆ ಒಂದರಂತೆ ಹೆಕ್ಕುವ ಕೈ ಎಂದಿಟ್ಟುಕೊಳ್ಳಿ. ಒಂದು ಲಕ್ಷ ಮೊಟ್ಟೆಯಲ್ಲಿ ಶೇ 2 ಸತ್ತಿದ್ದರೆ ಹೆಕ್ಕಬೇಕಾದದ್ದು 2,000, ಹಿಡಿಯುವ ಹೊತ್ತು 33 ನಿಮಿಷ. ಹತ್ತು ಲಕ್ಷದಲ್ಲಿ ಶೇ 10 ಸತ್ತಿದ್ದರೆ ಒಂದು ಲಕ್ಷ ಹೆಕ್ಕಬೇಕು, ಸುಮಾರು 28 ಗಂಟೆ.

ಈ ಎರಡು ಅಂಕಿಗಳ ನಡುವೆ ಒಂದು ಸೂಕ್ಷ್ಮವಿದೆ. ಕೈ ಮುಟ್ಟುವುದು ಸತ್ತದ್ದನ್ನು ಮಾತ್ರ, ಅದರ ಹೊತ್ತು ಸತ್ತವುಗಳ ಸಂಖ್ಯೆಗೆ ತಕ್ಕಂತೆ ಬೆಳೆಯುತ್ತದೆ. ಯಂತ್ರದೊಳಗೆ ಪ್ರತಿ ಮೊಟ್ಟೆಯೂ ಹಾಯಬೇಕು, ಅದರ ಹೊತ್ತು ಒಟ್ಟು ಸಂಖ್ಯೆಗೆ ತಕ್ಕಂತೆ. ಫಲೀಕರಣ ಚೆನ್ನಾಗಿ ಆಗುವ ಸಣ್ಣ ಹ್ಯಾಚರಿಯಲ್ಲಿ ಯಂತ್ರವನ್ನು ಜೋಡಿಸಿ, ಹದಗೊಳಿಸಿ, ಮುಗಿದ ಮೇಲೆ ತೊಳೆಯುವಷ್ಟರಲ್ಲಿ ಇಬ್ಬರು ಕುಳಿತು ಕೈಯಲ್ಲೇ ಮುಗಿಸಿರುತ್ತಾರೆ. ಅದೂ ಆರೋಗ್ಯವಂತ ಮೊಟ್ಟೆಗಳನ್ನು ಒಂದಿಷ್ಟೂ ಕದಲಿಸದೆ.

ಬೇರೆ ಬೇರೆ ತಾಯಿ-ತಂದೆಯ ಮೊಟ್ಟೆಗಳನ್ನು ಪ್ರತ್ಯೇಕವಾಗಿ ಇಡುವ ತಳಿ ಅಭಿವೃದ್ಧಿ ಕೇಂದ್ರಗಳಿಗೂ ಕೈಯೇ ಮೇಲು ಎಂದು ನನ್ನ ಅಭಿಪ್ರಾಯ. ಕೊಳವೆಯೊಳಗೆ ಹಿಂದಿನ ತಂಡದ ನಾಲ್ಕು ಮೊಟ್ಟೆ ಸಿಕ್ಕಿಕೊಂಡಿದ್ದರೂ ವಂಶಾವಳಿ ಕೆಟ್ಟಂತೆ. ಆದರೆ ಕಣ್ಣು ದಣಿಯುತ್ತದೆ. ಬೆಳಿಗ್ಗೆ ಮೊದಲ ತಟ್ಟೆಯನ್ನು ನೋಡಿದ ಎಚ್ಚರದಲ್ಲೇ ಸಂಜೆಯ ಕೊನೆಯ ತಟ್ಟೆಯನ್ನು ಯಾರೂ ನೋಡುವುದಿಲ್ಲ. ಎಷ್ಟು ತೆಗೆದೆವು ಎಂಬ ಲೆಕ್ಕವೂ ಬಾಯಿಮಾತಿನದಾಗಿ ಉಳಿಯುತ್ತದೆ.

ಉಪ್ಪುನೀರು

ಸತ್ತು ಬೆಳ್ಳಗಾದ ಮೊಟ್ಟೆಯ ಸಾಂದ್ರತೆ ಜೀವಂತದ್ದಕ್ಕಿಂತ ತುಸು ಕಡಿಮೆ. ಎರಡರ ನಡುವಿನ ಸಾಂದ್ರತೆಗೆ ಉಪ್ಪು ಕರಗಿಸಿದರೆ ಮೊರದಲ್ಲಿ ಜಳ್ಳು ಹಾರಿದ ಹಾಗೆ ಸತ್ತವು ಮೇಲೇಳುತ್ತವೆ, ಗಟ್ಟಿಯವು ಕೆಳಗುಳಿಯುತ್ತವೆ. ಹದ ಸಿಗುವುದು ಪ್ರಯೋಗದಿಂದಲೇ: ಒಂದು ಚಿಕ್ಕ ಬೋಗುಣಿಯಲ್ಲಿ ಕೆಲವು ಬಿಳಿ, ಕೆಲವು ಜೀವಂತ ಮೊಟ್ಟೆ ಹಾಕಿ, ಬೇರ್ಪಡುವವರೆಗೆ ಸ್ವಲ್ಪ ಸ್ವಲ್ಪವಾಗಿ ಗಟ್ಟಿ ಉಪ್ಪುನೀರು ಸೇರಿಸಬೇಕು. ತಂಡ ಬದಲಾದರೆ ಹದವನ್ನೂ ಮತ್ತೆ ನೋಡಬೇಕು. ಮೊಟ್ಟೆ ಉಪ್ಪಿನಲ್ಲಿ ಇರಬೇಕಾದದ್ದು ಬೇರ್ಪಡುವಷ್ಟು ಹೊತ್ತು ಮಾತ್ರ, ಕೂಡಲೇ ತಂಪು ಸಿಹಿನೀರಿಗೆ ವಾಪಸ್.

ಬಂಡವಾಳವೇ ಇಲ್ಲದೆ ದೊಡ್ಡ ಪ್ರಮಾಣವನ್ನು ಒಮ್ಮೆಗೇ ಸೋಸುವ ವಿಧಾನ ಇದೊಂದೇ. ಸತ್ತವು ತುಂಬ ಹೆಚ್ಚಿದ್ದಾಗ ಮೊದಲ ಒರಟು ಶೋಧನೆಗೆ ಇದಕ್ಕೆ ಸಾಟಿಯಿಲ್ಲ. ಆದರೆ ಬೂಸ್ಟು ಈಗಾಗಲೇ ಹೆಣೆದುಕೊಂಡಿದ್ದರೆ ಇದನ್ನು ನಂಬಬೇಡಿ, ಮುದ್ದೆಯೊಳಗಿನ ಜೀವಂತ ಮೊಟ್ಟೆಗಳೂ ಸತ್ತವುಗಳ ಜೊತೆಗೇ ತೇಲಿ ಹೋಗುತ್ತವೆ.

ಬೆಳಕು ಹಾಯಿಸುವ ಯಂತ್ರ

ತತ್ವ ಸರಳ. ಮೊಟ್ಟೆಗಳು ಸಾಲಾಗಿ ಒಂದೊಂದಾಗಿ ಬೆಳಕಿನ ಕಿರಣದ ಮುಂದೆ ಹಾಯುತ್ತವೆ. ಬೆಳಕು ಆಚೆ ತಲುಪಿದರೆ ಜೀವಂತ, ತಡೆದರೆ ಸತ್ತದ್ದು. ಗಾಳಿ ಅಥವಾ ನೀರಿನ ಒಂದು ಚಿಮ್ಮು ಸತ್ತದ್ದನ್ನು ಬೇರೆ ಕೊಳವೆಗೆ ತಳ್ಳುತ್ತದೆ. ಅಮೆರಿಕದ ಒರೆಗಾನ್ ರಾಜ್ಯದ ಜೆನ್‌ಸಾರ್ಟರ್ ಕಂಪನಿಯ ಯಂತ್ರಗಳು ಈ ವರ್ಗದಲ್ಲಿ ಹೆಸರಾದವು. ಸಾಲುಗಳು ಹೆಚ್ಚಿದಷ್ಟೂ ವೇಗ ಹೆಚ್ಚು. ಬಿಳಿಯನ್ನು ಬೇರೆ ಮಾಡುತ್ತಲೇ ಒಳ್ಳೆಯದನ್ನು ಎಣಿಸಿಬಿಡುವುದು ಇದರ ದೊಡ್ಡ ಲಾಭ. ಎಣಿಕೆ ಸಾಮಾನ್ಯ ಸಂಗತಿ ಅನ್ನಿಸಬಹುದು, ಆದರೆ ಹಾಗಲ್ಲ. 1910ರಲ್ಲಿ ಪ್ರಕಟವಾದ ಫಾನ್ ಬೇಯರ್ ವಿಧಾನದಲ್ಲಿ 12 ಇಂಚಿನ ವಿ ಆಕಾರದ ತೊಟ್ಟಿಯಲ್ಲಿ ಎಷ್ಟು ಮೊಟ್ಟೆ ಸಾಲಾಗಿ ಕೂರುತ್ತವೆ ಎಂದು ಎಣಿಸಿ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುತ್ತಿದ್ದರು. ಮೊಟ್ಟೆ ಮಾರುವವರಿಗೂ ಕೊಳ್ಳುವವರಿಗೂ ಆ ಅಂದಾಜಿನ ಮೇಲೆ ಜಗಳ ಹುಟ್ಟುವುದು ಸಹಜ. ಯಂತ್ರದ ಎಣಿಕೆ ಆ ಜಗಳಕ್ಕೆ ಅವಕಾಶ ಕಡಿಮೆ ಮಾಡುತ್ತದೆ.

ಕೊರತೆಗಳೂ ತತ್ವದಲ್ಲೇ ಅಡಗಿವೆ. ಕಡುಕೆಂಪು ಮೊಟ್ಟೆ ತಾನಾಗಿ ಬೆಳಕನ್ನು ಹೆಚ್ಚು ಹೀರುತ್ತದೆ, ನಸುಹಳದಿಯದು ಕಡಿಮೆ. ತಾಯಿಮೀನು ಉಂಡ ಆಹಾರದ ವರ್ಣದ್ರವ್ಯಕ್ಕೆ ತಕ್ಕಂತೆ ಬಣ್ಣ ಬದಲಾಗುವುದರಿಂದ ಪ್ರತಿ ತಂಡಕ್ಕೂ ಸೂಕ್ಷ್ಮತೆಯನ್ನು ಹೊಸದಾಗಿ ಹೊಂದಿಸಬೇಕು. ಗಾಳಿಗುಳ್ಳೆ, ಒಡೆದ ಸಿಪ್ಪೆ, ಅರ್ಧ ಬೆಳ್ಳಗಾದ ಮೊಟ್ಟೆ ಇವೆಲ್ಲ ಅದರ ದಾರಿ ತಪ್ಪಿಸುತ್ತವೆ. ಅದರ ರಂಧ್ರವೋ ನಾಲೆಯೋ ಒಂದು ಗಾತ್ರಕ್ಕೆ ಮಾಡಿದ್ದು. ಮೊದಲ ಸಲ ಮೊಟ್ಟೆಯಿಡುವ ಮೀನಿನ ಸಣ್ಣ ಮೊಟ್ಟೆ ಎರಡೆರಡಾಗಿ ನುಗ್ಗಿದರೆ ಎಣಿಕೆಯೂ ಹೋಯಿತು, ವಿಂಗಡಣೆಯೂ ಹೋಯಿತು. ಬೇರೆ ಗಾತ್ರದ ಬಿಡಿಭಾಗ ಸಿಗುತ್ತದೆಯೇ ಎಂದು ಕೇಳುವುದನ್ನು ಮರೆಯಬೇಡಿ.

ಕ್ಯಾಮೆರಾ

ಕ್ಯಾಮೆರಾ ಯಂತ್ರ ಪ್ರತಿ ಮೊಟ್ಟೆಯ ಚಿತ್ರ ತೆಗೆದು, ಕೆಲವದರಲ್ಲಿ ಹಲವು ಕೋನಗಳಿಂದ, ಗಾತ್ರ, ಬಣ್ಣ, ಆಕಾರ, ಕಣ್ಣಿನ ಚುಕ್ಕೆ ಎಲ್ಲವನ್ನೂ ನೋಡುತ್ತದೆ. ನಾರ್ವೆಯ ಮಾಸ್ಕಾನ್‌ನಂಥ ಕಂಪನಿಗಳು ಸಾಲ್ಮನ್ ಮೊಟ್ಟೆಯ ದೊಡ್ಡ ಉತ್ಪಾದಕರಿಗಾಗಿ ಇಂಥವನ್ನು ಮಾಡುತ್ತವೆ. ಬೆಳಕಿನ ಯಂತ್ರ ಕೇಳುವುದು ಒಂದೇ ಪ್ರಶ್ನೆ, ಬೆಳಕು ಹಾಯಿತೋ ಇಲ್ಲವೋ ಎಂದು. ಕ್ಯಾಮೆರಾ ಒಳಗೆ ಕಣ್ಣಿದೆಯೇ, ಅದು ವಯಸ್ಸಿಗೆ ತಕ್ಕಷ್ಟು ದೊಡ್ಡದಿದೆಯೇ, ಅವಳಿ ಭ್ರೂಣವೇ ಎಂದೂ ಕೇಳಬಲ್ಲದು. ಪೊರೆ ಹರಿಯದೆ ಹೊಳೆಯುವ ಫಲಿಸದ ಮೊಟ್ಟೆಯನ್ನು ಕಣ್ಣಿಲ್ಲವೆಂಬ ಕಾರಣಕ್ಕೇ ಹಿಡಿಯಬಲ್ಲದು. ಗಾತ್ರದ ಪ್ರಕಾರ ಬೇರೆ ಬೇರೆ ತಟ್ಟೆಗೆ ಹಾಕಬಲ್ಲದು, ಇದರಿಂದ ಮುಂದೆ ಮರಿಗಳ ಗಾತ್ರ ಸಮನಾಗಿರುತ್ತದೆ. ತಂಡ ತಂಡದ ದಾಖಲೆ ಉಳಿಯುವುದರಿಂದ ಯಾವ ತಾಯಿಮೀನು, ಯಾವ ತೊಟ್ಟಿ ಪದೇ ಪದೇ ಕೈಕೊಡುತ್ತಿದೆ ಎಂದು ತಿಳಿಯುತ್ತದೆ. ನನ್ನನ್ನು ಕೇಳಿದರೆ ವಿಂಗಡಣೆಗಿಂತ ಈ ದಾಖಲೆಗೇ ಬೆಲೆ ಹೆಚ್ಚು.

ಆದರೆ ಅದು ಕಲಿತದ್ದು ಯಾರದೋ ಮೊಟ್ಟೆಗಳ ಚಿತ್ರಗಳಿಂದ. ಅಟ್ಲಾಂಟಿಕ್ ಸಾಲ್ಮನ್ ಮೊಟ್ಟೆ ನೋಡಿ ಕಲಿತ ತಂತ್ರಾಂಶಕ್ಕೆ ಟ್ರೌಟ್‌ನ ಮೊಟ್ಟೆ ಹೊಸದು. ನಿಮ್ಮ ಮೀನಿಗೆ ಅದನ್ನು ಮತ್ತೆ ಕಲಿಸಿಕೊಡುತ್ತಾರೆಯೇ, ಆ ಕೆಲಸಕ್ಕೆ ಪ್ರತಿ ವರ್ಷ ಹಣ ಕೇಳುತ್ತಾರೆಯೇ, ಇಂಟರ್ನೆಟ್ ಇಲ್ಲದಾಗ ಯಂತ್ರ ನಿಲ್ಲುತ್ತದೆಯೇ? ವರ್ಷದಲ್ಲಿ ಕೆಲವೇ ವಾರ ಓಡುವ ಯಂತ್ರ ಆ ವಾರಗಳಲ್ಲೇ ಕೆಟ್ಟರೆ ರಿಪೇರಿಗೆ ಬರುವವರು ಎಷ್ಟು ದೂರದಲ್ಲಿದ್ದಾರೆ? ಈ ಪ್ರಶ್ನೆಗಳಿಗೆ ಉತ್ತರ ಬರೆದು ಕೊಡಲಿ. ಹತ್ತಿರದಲ್ಲಿ ದುರಸ್ತಿಯ ಸೌಕರ್ಯವಿಲ್ಲದ ಕ್ಯಾಮೆರಾ ಯಂತ್ರಕ್ಕಿಂತ, ನಿಮ್ಮವರೇ ಬಿಚ್ಚಿ ಜೋಡಿಸಬಲ್ಲ ಬೆಳಕಿನ ಯಂತ್ರವನ್ನೇ ನಾನು ಆರಿಸುತ್ತೇನೆ.

ಎರಡು ಬಗೆಯ ತಪ್ಪು

"ಶೇ 99 ನಿಖರ" ಎಂದು ಹೇಳಿದರೆ ಯಾವುದರಲ್ಲಿ ಎಂದು ಕೇಳಿ. ಸತ್ತದ್ದನ್ನು ಒಳಗೆ ಬಿಡುವುದು ಒಂದು ತಪ್ಪು, ಜೀವಂತವನ್ನು ಹೊರಗೆ ತಳ್ಳುವುದು ಇನ್ನೊಂದು. ಸೂಕ್ಷ್ಮತೆಯ ಗುಂಡಿಯನ್ನು ಒಂದು ಕಡೆ ತಿರುಗಿಸಿದರೆ ಮೊದಲನೆಯದು ಇಳಿದು ಎರಡನೆಯದು ಏರುತ್ತದೆ.

ಲೆಕ್ಕಕ್ಕಾಗಿ ಒಂದು ಯಂತ್ರ ಸತ್ತವುಗಳಲ್ಲಿ ಶೇ 99ನ್ನು ಹಿಡಿಯುತ್ತದೆ, ಜೀವಂತದಲ್ಲಿ ಶೇ 0.5ನ್ನು ತಪ್ಪಾಗಿ ಎಸೆಯುತ್ತದೆ ಎನ್ನೋಣ. ಹತ್ತು ಲಕ್ಷದಲ್ಲಿ ಶೇ 10 ಸತ್ತಿದ್ದರೆ ಎಸೆದ ಬುಟ್ಟಿಯಲ್ಲಿ 99,000 ಸತ್ತವು, 4,500 ಜೀವಂತ. ಸತ್ತಿದ್ದು ಶೇ 2 ಮಾತ್ರವಾದರೆ ಬುಟ್ಟಿಯಲ್ಲಿ 19,800 ಸತ್ತವು, 4,900 ಜೀವಂತ. ಅಂದರೆ ಎಸೆದ ಐದರಲ್ಲಿ ಒಂದು ಬದುಕಿರುವ ಮೊಟ್ಟೆ! ಯಂತ್ರ ಅದೇ, ಹದ ಅದೇ. ತಂಡ ಉತ್ತಮವಾದಷ್ಟೂ ಬುಟ್ಟಿಯಲ್ಲಿ ಒಳ್ಳೆಯ ಮೊಟ್ಟೆಯ ಪಾಲು ಹೆಚ್ಚುತ್ತದೆ.

ಹಾಗಾಗಿ ಒಳ್ಳೆಯ ತಂಡದ ಬುಟ್ಟಿಯನ್ನು ಚೆಲ್ಲುವ ಮುನ್ನ ಕೈಯಿಂದ ನೋಡುವುದು ಲಾಭದ ಕೆಲಸ. ಯಂತ್ರಕ್ಕೇ ಇನ್ನೊಮ್ಮೆ ಸುರಿದರೆ ಸ್ವಲ್ಪ ವಾಪಸ್ ಬರುತ್ತದೆ, ಎಲ್ಲವೂ ಬರುವುದಿಲ್ಲ. ಬಣ್ಣ ಗಾಢವೆಂಬ ಕಾರಣಕ್ಕೆ ತಪ್ಪಾದ ಮೊಟ್ಟೆ ಎರಡನೆಯ ಸಲವೂ ಅಷ್ಟೇ ಗಾಢವಾಗಿರುತ್ತದೆ. ಮೊದಲ ಸುತ್ತಿಗೆ ಯಂತ್ರ, ಅನುಮಾನದವಕ್ಕೆ ಕಣ್ಣು: ದೊಡ್ಡ ಹ್ಯಾಚರಿಗಳಿಗೆ ನಾನು ಹೇಳುವುದು ಇದನ್ನೇ. ಯಾವ ತಪ್ಪು ದುಬಾರಿ ಎಂಬುದೂ ಜಾಗದಿಂದ ಜಾಗಕ್ಕೆ ಬೇರೆ. ಕಣ್ಣು ಮೂಡಿದ ಮೊಟ್ಟೆಯನ್ನು ಪೆಟ್ಟಿಗೆ ಕಟ್ಟಿ ದೂರಕ್ಕೆ ಕಳಿಸುವವರಿಗೆ ಒಳಗುಳಿದ ಒಂದೊಂದು ಬಿಳಿಯೂ ಅಪಾಯ, ಅವರು ಗುಂಡಿಯನ್ನು ಬಿಗಿ ಮಾಡಲಿ. ತಮ್ಮಲ್ಲೇ ಮರಿ ಮಾಡಿ ಬೆಳೆಸುವವರು ಉಳಿದದ್ದನ್ನು ನಾಳೆ ಹೆಕ್ಕಬಹುದು, ಅವರು ಸಡಿಲ ಬಿಡಬಹುದು.

ಕೊಳ್ಳುವ ಮುನ್ನ ಮಾಡಿಸಬೇಕಾದ ಪರೀಕ್ಷೆ

ಮಾರುವವರ ಮೊಟ್ಟೆಯಲ್ಲಿ ಪ್ರದರ್ಶನ ಬೇಡ, ನಿಮ್ಮದರಲ್ಲೇ ಆಗಲಿ. ಎಣಿಸಿದ 1,000 ಜೀವಂತ, ಎಣಿಸಿದ 100 ಸತ್ತ ಮೊಟ್ಟೆಗಳನ್ನು ಬೆರೆಸಿ ಮೂರು ಸಲ ಹಾಯಿಸಿ, ಪ್ರತಿ ಸಲವೂ ಎರಡೂ ಬುಟ್ಟಿಗಳನ್ನು ಕೈಯಿಂದ ಎಣಿಸಿ. ಹೇಳಿದ ಗರಿಷ್ಠ ವೇಗದಲ್ಲೇ ಮಾಡಿಸಿ. ನಿಧಾನಕ್ಕೆ ಓಡಿಸಿ ನಿಖರತೆ ತೋರಿಸುವುದು, ಜೋರಾಗಿ ಓಡಿಸಿ ವೇಗ ತೋರಿಸುವುದು ಬೇರೆ ಬೇರೆ. ಎರಡೂ ಒಟ್ಟಿಗೆ ಬೇಕು.

ದೊಡ್ಡ ತಂಡದಲ್ಲಿ ಎಲ್ಲವನ್ನೂ ಎಣಿಸಲಾಗುವುದಿಲ್ಲ. ಒಳ್ಳೆಯ ಬುಟ್ಟಿಯ ಬೇರೆ ಬೇರೆ ಕಡೆಯಿಂದ 300 ಮೊಟ್ಟೆ ತೆಗೆದು ನೋಡಿ ಒಂದೂ ಸತ್ತದ್ದು ಸಿಗದಿದ್ದರೆ, ಉಳಿದವು ಶೇ 1ಕ್ಕಿಂತ ಕಡಿಮೆ ಎಂದು ಶೇ 95ರ ಭರವಸೆಯಲ್ಲಿ ಹೇಳಬಹುದು. ಐವತ್ತು ನೋಡಿ ಶುದ್ಧವಾಗಿದೆ ಎಂದರೆ ಆ ಮಾತಿಗೆ ತೂಕವಿಲ್ಲ.

ಯಂತ್ರ ಮೊಟ್ಟೆಗೆ ಪೆಟ್ಟು ಮಾಡುತ್ತದೆಯೇ ಎಂಬುದು ಅದೇ ದಿನ ತಿಳಿಯುವುದಿಲ್ಲ. ಹಾಯಿಸಿದ ಕೆಲವು ನೂರನ್ನೂ ಹಾಯಿಸದ ಅಷ್ಟನ್ನೇ ಇನ್ನೊಂದು ತಟ್ಟೆಯಲ್ಲೂ ಒಂದೇ ನೀರಿನಲ್ಲಿ ಎರಡು ದಿನ ಇಟ್ಟು ಎರಡರಲ್ಲೂ ಎಷ್ಟು ಹೊಸ ಬಿಳಿ ಮೂಡಿತೆಂದು ನೋಡಬೇಕು. ಸಾಧ್ಯವಾದರೆ ಮರಿಯಾಗುವವರೆಗೂ ಇಡಿ. ಸಾಲ್ಮನ್ ಜಾತಿಯ ಭ್ರೂಣಕ್ಕೆ ನೀಲಿ-ನೇರಳೆ ಬೆಳಕು ಹಾನಿಕರ. ಕ್ಷಣಮಾತ್ರದ ಮಿಂಚಿನಿಂದ ತೊಂದರೆಯಾಗದಿರಬಹುದು, ಆದರೆ ಸರದಿಗಾಗಿ ಕಾಯುವ ಮೊಟ್ಟೆಗಳ ತೊಟ್ಟಿ ಪ್ರಖರ ದೀಪದ ಕೆಳಗೆ ತೆರೆದಿದ್ದರೆ ಮುಚ್ಚಳ ಹಾಕಿಸಿ. ಯಂತ್ರದಲ್ಲಿ ಸುತ್ತುವ ನೀರು ಬಿಸಿಯೇರುತ್ತಿದೆಯೇ ಎಂದು ಥರ್ಮಾಮೀಟರ್ ಇಟ್ಟು ನೋಡಿ.

ಕೊನೆಯದಾಗಿ, ಮಾರಲು ಬಂದವರ ಎದುರಿಗೇ ಯಂತ್ರವನ್ನು ಬಿಚ್ಚಿ ತೊಳೆಯಿಸಿ. ಕೈ ತಲುಪದ ಮೂಲೆ, ಕಣ್ಣಿಗೆ ಕಾಣದ ಬಾಗಿದ ಕೊಳವೆ ಇದ್ದರೆ ಅಲ್ಲಿ ಒಡೆದ ಮೊಟ್ಟೆಯ ರಸ ನಿಂತು ಬೂಸ್ಟು ಬೆಳೆಯುತ್ತದೆ, ಒಂದು ತಂಡದ ರೋಗ ಮುಂದಿನದಕ್ಕೆ ದಾಟುತ್ತದೆ. ಮೊಟ್ಟೆಯನ್ನು ಸೋಂಕುರಹಿತ ಮಾಡಲು ಬಳಸುವ ಅಯೋಡೊಫೋರ್, ಸಾಮಾನ್ಯವಾಗಿ ಲೀಟರಿಗೆ 100 ಮಿಲಿಗ್ರಾಂ ಅಯೋಡಿನ್ ಪ್ರಮಾಣದಲ್ಲಿ 10 ನಿಮಿಷ, ಹೊರಮೈಯ ರೋಗಾಣುವನ್ನು ಕೊಲ್ಲುತ್ತದೆ. ಮೂತ್ರಪಿಂಡದ ರೋಗ ತರುವ ರೆನಿಬ್ಯಾಕ್ಟೀರಿಯಂನಂಥ ಬ್ಯಾಕ್ಟೀರಿಯಾ ಮೊಟ್ಟೆಯ ಒಳಗೇ ಕುಳಿತು ಬರುತ್ತದೆ. ಅದಕ್ಕೆ ಅಯೋಡಿನ್ನೂ ಮುಟ್ಟುವುದಿಲ್ಲ, ಯಾವ ವಿಂಗಡಣಾ ಯಂತ್ರವೂ ಅದನ್ನು ಕಾಣುವುದಿಲ್ಲ. ಆ ರೋಗಕ್ಕೆ ತಾಯಿಮೀನನ್ನೇ ಪರೀಕ್ಷಿಸಿ, ಸೋಂಕಿರುವ ತಾಯಿಯ ಮೊಟ್ಟೆಯನ್ನು ಬೇರೆ ಮೊಟ್ಟೆಗಳ ಜೊತೆ ಸೇರಿಸದೆ ಬಿಡಬೇಕು. ಯಂತ್ರಕ್ಕೆ ಎತ್ತಿಟ್ಟ ಹಣದಲ್ಲಿ ಆ ಪರೀಕ್ಷೆಯ ಖರ್ಚನ್ನು ಮೊದಲೇ ತೆಗೆದಿರಿಸಿ, ಉಳಿದದ್ದರಲ್ಲಿ ಯಾವ ಯಂತ್ರ ಬರುತ್ತದೆ ಎಂದು ನೋಡಿ.